ಲಾವಿಗೆ ಬಸ್ಸಿಲ್ಲ

ಜೂನ್ 2, ಭಾನುವಾರ

ಕೆಳಗಿನ ಸ್ಟೆಗ್ಮಾಟ್, ಮೇಲಿನ ನಮ್ಮ ಲಾವಿ, ಈ ಎರಡು ಊರನ್ನು ಒಂದೇ ಪಂಚಾಯಿತಿಗೆ ಸೇರಿಸುವಾಗ ಲಾವಿಯ ಶಾಲೆ ಮುಚ್ಚುವುದಿಲ್ಲ ಎಂದರು. ಮುಚ್ಚಿದರು. ಅಂಗಡಿ ಉಳಿಸುತ್ತೇವೆ ಎಂದರು. ಅದರ ಕಿಟಕಿಗೆ ಹಲಗೆ ಹೊಡೆದು ಎರಡು ವರ್ಷವಾಯಿತು. ಬಸ್ಸಿಗೆ ಮಾತ್ರ ಯಾರೂ ಕೈ ಹಚ್ಚುವುದಿಲ್ಲ, ಬೇಸಿಗೆಗೂ ಹಿಮಕ್ಕೂ ಓಡುತ್ತದೆ ಎಂದರು. ಏಪ್ರಿಲ್ ಕೊನೆಗೆ ನಿಲ್ಲಿಸಿದರು. ಬದಲಿಗೆ ಫೋನು ಮಾಡಿದರೆ ಮನೆಬಾಗಿಲಿಗೆ ಬರುವ ವ್ಯಾನು ಎಂದರು. ಫೋನು ಹೊಡೆದುಕೊಳ್ಳುತ್ತದೆ, ಎತ್ತುವವರಿಲ್ಲ. ಆ ಬಸ್ಸನ್ನು ಇಪ್ಪತ್ತು ವರ್ಷ ಓಡಿಸಿದ ನನಗೆ ಬೇರೆ ಮಾರ್ಗ ಕೊಡುತ್ತೇವೆ ಎಂದರು. ಕೊಡಲಿಲ್ಲ.

ಇನ್ನೂ ಇದೆ. ಕ್ರಿನ್ನೆ ಘಾಟಿಯ ಮೇಲೆ ದುಡ್ಡಿನವರ ಕಾರುಗಳನ್ನು ಸಾಲಾಗಿ ಓಡಿಸುವ ಪ್ರವಾಸದ ಕಂಪನಿ ಬಂತಲ್ಲ, ಅದಕ್ಕೆ ಒಪ್ಪಿಗೆ ಕೇಳುವಾಗ ಪಂಚಾಯಿತಿ ಅಧ್ಯಕ್ಷ ಬಾಲ್ಟ್ಸ್ ಸಭೆಯಲ್ಲಿ ಎದ್ದು ನಿಂತು ಮೂರು ಮಾತು ಕೊಟ್ಟ. ಊರೊಳಗೆ ನಡಿಗೆಯ ವೇಗ. ಭಾನುವಾರ ರಜೆ. ಸಾಲಿನ ಕೊನೆಯ ವ್ಯಾನಿನಲ್ಲಿ ಲಾವಿಯವರಿಗೆ ಜಾಗ. ಬಾಲ್ಟ್ಸ್ ನನ್ನ ಜೊತೆ ಓದಿದವನು. ಕೆಳಗಿನ ಸ್ಟೆಗ್ಮಾಟ್‌ನಲ್ಲಿ ಅವನದೇ ಹೋಟೆಲು; ಆ ಕಾರಿನವರ ಮಧ್ಯಾಹ್ನದ ಊಟವೂ ಅಲ್ಲೇ. ನಾವು ಕೈ ಎತ್ತಿದೆವು. ನಾನೂ ಎತ್ತಿದೆ.

ಇವತ್ತು ಭಾನುವಾರ. ಪೂಜೆಯ ಹೊತ್ತಿಗೆ ಇಗರ್ಜಿಯ ಗಾಜು ನಡುಗುವಂತೆ ಹಾದುಹೋದರು. ಇದು ಬರೀ ಪ್ರಯೋಗದ ಓಟವಂತೆ.

ಸಂಜೆ ಕಂಪನಿಯ ಎಗ್ಲೋಫ್ ಮನೆಗೆ ಬಂದ. ಸರೋವರದ ಕಡೆಯ ಪೇಟೆಯವನು, ಬಿಳಿ ಶೂ. "ಈ ರಸ್ತೆ ನಿಮ್ಮಷ್ಟು ಬಲ್ಲೋರು ಯಾರಿದಾರೆ ಸೆಫಿ ಅವ್ರೇ? ಸಾಲಿನ ಮೊದಲ ಕಾರು ನೀವೇ ಓಡಿಸ್ಬೇಕು."

ಮುಖಕ್ಕೆ ಉಗಿಯಬೇಕಿತ್ತು. "ಬುಧವಾರ ನಮ್ಮ ಫಿಲೊಮೆನ ಅತ್ತೇನ ಕೆಳಗೆ ಇಳಿಸಿಕೊಂಡು ಹೋಗೋಕೆ ಬಿಡ್ತೀರಾ?" ಎಂದು ಕೇಳಿದೆ.

"ನೋಡೋಣ," ಎಂದ.

ಅತ್ತೆ ಊರಿಗೆಲ್ಲ ಅತ್ತೆ. ಅವಳ ಗಂಡ ಕಾರಿ ಸ್ಟೆಗ್ಮಾಟ್‌ನ ವೃದ್ಧರ ಮನೆಯಲ್ಲಿ ಮಲಗಿದ್ದಾನೆ. ಬೇರೆ ಯಾರು ಚಮಚ ಹಿಡಿದರೂ ಬಾಯಿ ತೆರೆಯುವುದಿಲ್ಲ. ಬುಧವಾರ ಬುಧವಾರ ಇವಳು ಬಾರ್ಲಿ ಸೂಪು ಮಾಡಿಕೊಂಡು ನನ್ನ ಬಸ್ಸಿನಲ್ಲಿ ಇಳಿದು ತಿನ್ನಿಸಿ ಬರುತ್ತಿದ್ದಳು. ಸಂಜೆಗೆ ಕೆಲಸ ಮುಗಿಸಿ ಮರಳುವವರ ಕಾರು ಸಿಗುತ್ತದೆ. ಬೆಳಿಗ್ಗೆ ಅವರು ಐದಕ್ಕೇ ಹೊರಡುತ್ತಾರೆ, ಅಷ್ಟು ಹೊತ್ತಿಗೆ ಅವಳ ಮೇಕೆಗಳ ಹಾಲು ಕರೆದಿರುವುದಿಲ್ಲ. ಯಾರನ್ನಾದರೂ ಕೇಳು ಎಂದರೆ ಕೇಳುವವಳಲ್ಲ. ಕಾರನ್ನು ಬೇಡಬೇಕು. ಬಸ್ಸನ್ನು ಯಾರೂ ಬೇಡಬೇಕಿಲ್ಲ. ಅದಕ್ಕೇ ಅದು ಬಸ್ಸು.

ಒಪ್ಪಿಕೊಂಡೆ. ಒಳಗೆ ಸೇರಿ ಜಗ್ಗುವುದು ಹೊರಗೆ ನಿಂತು ಕೂಗುವುದಕ್ಕಿಂತ ಮೇಲು.

ಜೂನ್ 12, ಬುಧವಾರ

ಕೆಳಗೆ ಸ್ಟೆಗ್ಮಾಟ್‌ನಲ್ಲಿ, ನಮ್ಮ ಚಾಲಕರ ಸಂಘದ ಒರ್ಲಾಂಡೊನ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಇದ್ದೇನೆ. ಬೆಳಿಗ್ಗೆ ಬೇಗ ಹೊರಡಬೇಕು, ಕಂಪನಿಯ ಕಾರನ್ನು ಲಾವಿಗೆ ಒಯ್ಯುವಂತಿಲ್ಲ. ಅದು ಎಲ್ಲಿ ನಿಂತಿದೆ ಎಂದು ಪೇಟೆಯಲ್ಲಿ ಕೂತು ನೋಡುವ ಯಂತ್ರ ಇಟ್ಟಿದ್ದಾರೆ.

ಹನ್ನೆರಡು ಕಾರು. ನಸುಕಿಗೆ ಹೊರಟು, ಪರ್ವತಗಳನ್ನು ಸುತ್ತಿ, ಎರಡು ಘಾಟಿ ದಾಟಿ, ಮೂರನೆಯದಾಗಿ ಕ್ರಿನ್ನೆಯ ನೆತ್ತಿಯಿಂದ ಲಾವಿಯ ಮೇಲೆ ಇಳಿಯುತ್ತೇವೆ. ಎಲ್ಲ ಕಾರಿಗೂ ಒಂದೊಂದು ವೈರ್‌ಲೆಸ್. ಮುಂದೆ ಕೂತ ನಾನು ತಿರುವು ಹೇಳಬೇಕು. ಹಿಂದೆ ತಮ್ಮ ಕಾರು ತಾವೇ ಓಡಿಸುವ ಅತಿಥಿಗಳು ನಗಬೇಕು. ಕಲ್ಲು ಒಡೆದು ಈ ರಸ್ತೆ ಮಾಡಿದವರು ನಮ್ಮ ಅಜ್ಜಂದಿರು. ಇವರಿಗೆ ಇದು ಜಾರುಬಂಡೆ.

ಲಾವಿಯ ನೀರಿನ ತೊಟ್ಟಿಯ ಬಳಿ ನಿಲ್ಲಿಸಿದೆ. ಹಿಂದಿನ ಹನ್ನೊಂದೂ ನಿಂತವು. ಅತ್ತೆ ಬುಟ್ಟಿ ಹಿಡಿದು ಪಕ್ಕದಲ್ಲಿ ಕೂತಳು.

ವೈರ್‌ಲೆಸ್ಸಿನಲ್ಲಿ ಯಾರೋ ಕೇಳಿದ, "ಈ ಅಜ್ಜಿ ಪ್ಯಾಕೇಜಲ್ಲೇ ಸೇರಿದಾಳಾ?"

ಅತ್ತೆ ಆ ಡಬ್ಬಿಯನ್ನೇ ದಿಟ್ಟಿಸಿದಳು. "ಏನಂತೆ ಇವನಿಗೆ?"

"ನೀನು ಯಾರು ಅಂತಾನೆ ಅತ್ತೆ."

"ಬಾರೋ ಕೆಳಕ್ಕೆ, ಹೇಳ್ತೀನಿ ಅನ್ನು."

ಎಷ್ಟು ದಿನಕ್ಕೆ ನಕ್ಕೆ. ಕಾರಿ ಬಟ್ಟಲು ಪೂರಾ ಕುಡಿದನಂತೆ.

ಜೂನ್ 19, ಬುಧವಾರ

ಎಗ್ಲೋಫ್ ಬೆಳಿಗ್ಗೆಯೇ ಗ್ಯಾರೇಜಿಗೆ ಬಂದಿದ್ದ.

"ಮುಂದಿನ ಸೀಟು ಮಾರಾಟಕ್ಕಿದೆ ಸೆಫಿ ಅವ್ರೇ. ಅಲ್ಲಿ ಅತಿಥಿ ಕೂರ್ತಾರೆ."

"ಹಾಗಾದ್ರೆ ಕೊನೆಯ ವ್ಯಾನು. ಸಭೇಲಿ ಮಾತು ಕೊಟ್ಟಿದ್ದೀರಿ."

"ವಿಮೆ ಒಪ್ಪಲ್ಲ."

"ವಿಮೆ ಸಭೇಲಿ ಎಲ್ಲಿ ಕೂತಿತ್ತು?"

"ಇದು ಪ್ರವಾಸ ಕಣ್ರೀ, ಧರ್ಮಛತ್ರ ಅಲ್ಲ."

ಬಾಲ್ಟ್ಸ್‌ನ ಹೋಟೆಲಿಗೆ ನುಗ್ಗಿದೆ. ಅವನು ಅಡುಗೆಮನೆಯಲ್ಲಿ ಚೀಸು ತುರಿಯುತ್ತಿದ್ದ. "ಸೆಫಿ, ನೀನು ಹುಟ್ಟುವಾಗ್ಲೇ ಧಿಕ್ಕಾರ ಅಂತ ಹುಟ್ಟಿದ್ದಾ? ಸ್ವಲ್ಪ ತಾಳು. ಈ ಸೀಸನ್ ಮುಗೀಲಿ, ಮಾತಾಡ್ತೀನಿ."

ತಾಳು! ನಮ್ಮ ಕುತ್ತಿಗೆಗೆ ಕಟ್ಟಿದ ಗಂಟೆ ಅದು. ಬಿಡುವವಳಲ್ಲ ನಾನು. ಒಳಗಿದ್ದೇ ಜಗ್ಗುತ್ತೇನೆ.

ಅತ್ತೆಗೆ ಫೋನು ಮಾಡಿ ಇವತ್ತೊಂದು ದಿನ ಬೇಡ ಎಂದೆ.

ಜುಲೈ 3, ಬುಧವಾರ

ಇವತ್ತಿನದು ಬರೆಯದೆ ನಿದ್ದೆ ಬಾರದು.

ಎಗ್ಲೋಫ್ ಎಲ್ಲೋ ಹಳೆ ಸಾಮಾನಿನ ಅಂಗಡಿಯಿಂದ ಬಸ್ಸಿನ ಹಾರನ್ ತಂದು ನನ್ನ ಕಾರಿಗೆ ಹಾಕಿಸಿದ್ದಾನೆ. ಮೂರು ಸ್ವರದ್ದು, ನಮ್ಮ ಹಳದಿ ಬಸ್ಸಿನದ್ದೇ. ಕುರುಡು ತಿರುವಿನಲ್ಲಿ ಅದನ್ನು ಊದುವ ಹಕ್ಕು ಬಸ್ಸಿಗೆ ಮಾತ್ರ. ಅದು ಕೇಳಿಸಿದರೆ ಎದುರಿನ ಲಾರಿ, ಟ್ರ್ಯಾಕ್ಟರ್, ಮಂತ್ರಿಯ ಕಾರು ಎಲ್ಲ ನಿಂತಲ್ಲೇ ನಿಲ್ಲಬೇಕು. ಆಮೇಲೆ ರಸ್ತೆ ಬಸ್ಸಿನದು, ಬಸ್ಸಿಗೆ ಕಾಯುವವರದು. ಲಾವಿಯ ಮಕ್ಕಳು ಮಾತು ಕಲಿಯುವ ಮೊದಲು ಇದನ್ನು ಕಲಿಯುತ್ತವೆ.

"ಇದು ಕಾನೂನಿಗೆ ವಿರುದ್ಧ," ಎಂದೆ.

"ಆ ರಸ್ತೇಲಿ ಈಗ ಬಸ್ಸೇ ಇಲ್ವಲ್ಲ! ಯಾರಿಗೆ ತೊಂದ್ರೆ? ಅತಿಥಿಗಳಿಗೆ ಖುಷಿ."

ಕಳ್ಳತನ ಎಂದರೆ ಇದು. ಬಸ್ಸನ್ನು ಕಿತ್ತುಕೊಂಡಿರಿ, ಅದರ ದನಿಯನ್ನೂ ದೋಚಿ ಹಬ್ಬ ಮಾಡುತ್ತೀರಾ? ಹೀಗೇ ಹೇಳಿದೆ ಅವನಿಗೆ. ಸುಮಾರು ಹೀಗೇ.

ಊದಿದೆ. ಲಾವಿಯ ಮೇಲಿನ ತಿರುವಿನಲ್ಲಿ ಕೈ ತಾನೇ ಹೋಯಿತು. ಬಂಡೆಗೆ ತಾಗಿ ಮೂರು ಸ್ವರವೂ ಹಿಂದಿರುಗಿದವು. ಕಿಟಕಿಗಳು ತೆರೆದವು. ಎರಡು ತಿಂಗಳ ಮೇಲೆ ಊರು ಉಸಿರಾಡಿದ ಹಾಗೆ ಕಂಡಿತು.

ಜುಲೈ 10, ಬುಧವಾರ

ಹಾರನ್ ಕೇಳಿ ಅತ್ತೆ ಬುಟ್ಟಿ ಹಿಡಿದು ಬಂದು ನಿಂತಿದ್ದಳು. ನನ್ನ ಪಕ್ಕದಲ್ಲಿ ಹಲ್ಲಿನ ಡಾಕ್ಟರೊಬ್ಬ ಕೂತಿದ್ದ. ಮುಂದಿನ ಸಲ ಎಂದು ಕೈ ಸನ್ನೆ ಮಾಡಿದೆ. ಅವಳು ತಲೆಯಾಡಿಸಿದಳು.

ಸಂಜೆ ಫೋನು ಮಾಡಿದೆ. "ಬಸ್ಸಲ್ಲ ಅಂತ ಗೊತ್ತಲ್ವಾ ಅತ್ತೆ, ಯಾಕೆ ಬಂದು ನಿಂತೆ?"

"ನಂಗೆ ಗೊತ್ತು ಕಣೇ. ಕಾಲಿಗೆ ಗೊತ್ತಿಲ್ಲ."

ಜುಲೈ 24, ಬುಧವಾರ

ನಿಂತಿದ್ದಳು.

ಆಗಸ್ಟ್ 1, ಗುರುವಾರ

ರಾಷ್ಟ್ರದ ಹಬ್ಬ. ಊರೂರಿನ ಗುಡ್ಡದ ಮೇಲೆ ಬೆಂಕಿ. ಬಾಲ್ಟ್ಸ್ ಭಾಷಣ ಮಾಡಿದ. ಸ್ವಾತಂತ್ರ್ಯ ಎಂಬ ಮಾತನ್ನು ಸಾಸೇಜು ಹಂಚಿದ ಹಾಗೆ ಹಂಚಿದ.

ಒರ್ಲಾಂಡೊ ಪಕ್ಕಕ್ಕೆ ಬಂದು ಕೂತ. ಇವನಪ್ಪ ಸುರಂಗ ಕೊರೆಯಲು ಇಟಲಿಯಿಂದ ಬಂದವನು. ಇವನು ನಮ್ಮ ಚಾಲಕರ ಸಂಘದ ಕಾರ್ಯದರ್ಶಿಯಾಗಿದ್ದವನು. ಬಸ್ಸು ಮರಳಿ ಬೇಕೆಂಬ ಅರ್ಜಿಯ ಹಾಳೆಗಳನ್ನು ಜೂನ್‌ನಲ್ಲೇ ನನ್ನ ಕೈಗೆ ಕೊಟ್ಟಿದ್ದ. ಅಕ್ಟೋಬರಿನ ಗ್ರಾಮಸಭೆಗೆ ಹೋಗಬೇಕಾದ ಅರ್ಜಿ.

"ಲಾವಿಯ ಸಹಿ ಎಲ್ಲಿಗೆ ಬಂತು ಕಾಮ್ರೇಡ್?"

"ವಾರಕ್ಕೆ ಎರಡು ಸಲ ಆ ಊರಲ್ಲೇ ಹಾದುಹೋಗ್ತೀನಿ. ತಗೊಂಡು ಬರ್ತೀನಿ."

"ಹಾದುಹೋಗ್ತಾ ಸಹಿ ಹೆಂಗೆ ತಗೋತೀಯಾ? ಕಿಟಕಿಯಿಂದ ಪೆನ್ನು ಎಸೀತೀಯಾ?"

ಅವನಿಗೆ ಎಲ್ಲದರಲ್ಲೂ ಕುಹಕ. ನಮ್ಮ ಕಾರುಗಳನ್ನು ಆ ಕಡಿದಾದ ಇಳಿಜಾರಿನಲ್ಲಿ ನಿಲ್ಲಿಸುವುದು ಎಷ್ಟು ಅಪಾಯ ಎಂದು ಗ್ಯಾರೇಜಿನಲ್ಲಿ ಕೂತವನಿಗೆ ಏನು ಗೊತ್ತು? ಸೀಸನ್ ಮುಗಿಯಲಿ, ಮಾಡುತ್ತೇನೆ.

ಆಗಸ್ಟ್ 14, ಬುಧವಾರ

ಒಳ್ಳೆಯ ಸುತ್ತು. ಹದಿನಾಲ್ಕು ಕಾರು, ಒಂದೂ ಸಾಲು ತಪ್ಪಲಿಲ್ಲ. ಹಾಲೆಂಡಿನ ದಂಪತಿಗಳು ಇಳಿದು ಬಂದು ನನ್ನ ಕೈ ಕುಲುಕಿದರು. ಅತಿಥಿಗಳಿಗೆ ಹಾರನ್ ಬಹಳ ಇಷ್ಟ, ಪ್ರತಿ ತಿರುವಿಗೂ ವೈರ್‌ಲೆಸ್ಸಿನಲ್ಲಿ ಇನ್ನೊಮ್ಮೆ, ಇನ್ನೊಮ್ಮೆ ಎನ್ನುತ್ತಾರೆ. ಎಗ್ಲೋಫ್ ಮುಂದಿನ ವರ್ಷಕ್ಕೂ ನೀವೇ ಎಂದ. ಆಗ ನೋಡು, ವ್ಯಾನಿನ ವಿಷಯ ಮೇಜಿನ ಮೇಲೆ ಗುದ್ದಿ ಕೇಳುತ್ತೇನೆ.

ಒಂದೇ ತೊಡಕು. ಮೇಲಿನವರು ರಸ್ತೆಬದಿಗೆ ಬಂದು ನಿಲ್ಲುತ್ತಾರೆ. ವೇಗ ಇಳಿಸಬೇಕಾಗುತ್ತದೆ, ಹಿಂದಿನವರಿಗೆ ಲಯ ಕೆಡುತ್ತದೆ. ನಿಲ್ಲಬೇಡಿ ಎಂದು ಹೇಳಿಕಳಿಸಬೇಕು.

ಸೆಪ್ಟೆಂಬರ್ 4, ಬುಧವಾರ

ಮಂಜು. ಕ್ರಿನ್ನೆಯ ನೆತ್ತಿಯಲ್ಲೇ ಮುಂದಿನ ಕಂಬ ಕಾಣುತ್ತಿರಲಿಲ್ಲ. ಅರ್ಧ ಗಂಟೆ ಕಾಯೋಣ ಎಂದೆ. ಊಟಕ್ಕೆ ತಡವಾಗುತ್ತದೆ, ಬಾಲ್ಟ್ಸ್ ಮೇಜು ಹಾಕಿಸಿದ್ದಾನೆ ಎಂದ ಎಗ್ಲೋಫ್, ಕೊನೆಯ ವ್ಯಾನಿನಿಂದ. ಹೊರಟೆ.

ಲಾವಿಯ ಮೇಲಿನ ತಿರುವಿನಲ್ಲಿ ಊದಿದೆ. ಮಂಜಿನಲ್ಲಿ ಊದಲೇಬೇಕು. ಅತ್ತೆ ರಸ್ತೆಯ ಈ ಬದಿ, ತೊಟ್ಟಿಯ ಎದುರಿಗೆ ನಿಂತಿದ್ದು ಕಂಡಿತು. ವೇಗ ಇಳಿಸಿದೆ. ನಿಲ್ಲಿಸಲಿಲ್ಲ. ತೊಟ್ಟಿ ದಾಟಿದೆ.

ನಮ್ಮ ಬಸ್ಸು ಯಾವಾಗಲೂ ರಸ್ತೆಯ ಆ ಬದಿ, ತೊಟ್ಟಿಯ ಪಕ್ಕ ನಿಲ್ಲುತ್ತಿತ್ತು. ಹಾರನ್ ಆಯಿತು, ಗಾಡಿ ನಿಧಾನವಾಗಿ ಮುಂದೆ ಹೋಯಿತು ಎಂದರೆ ಬಸ್ಸು ನಿಂತಿದೆ ಎಂದೇ. ಅದರ ಹಿಂದೆ ಇನ್ನೊಂದು ಗಾಡಿ ಬರುವುದಿಲ್ಲ. ಹಾರನ್ ಆದ ಮೇಲೆ ರಸ್ತೆ ಬಸ್ಸಿಗೆ ಕಾಯುವವರದು. ಎಡಕ್ಕೆ ಬಲಕ್ಕೆ ನೋಡದೆ ದಾಟುತ್ತೇವೆ. ಎಪ್ಪತ್ತು ವರ್ಷ ಹಾಗೇ ದಾಟಿದವಳು ಹಾಗೇ ದಾಟಿದಳು.

ಎರಡನೆಯ ಕಾರು.

ವೈರ್‌ಲೆಸ್ಸಿನಲ್ಲಿ ಹೆಂಗಸೊಬ್ಬಳು ಅಳುವುದು ಕೇಳಿಸಿತು. ಆಮೇಲೆ ನಿಲ್ಲಿಸಿದೆ.

ಸೂಪು ರಸ್ತೆಯ ಮೇಲೆ ಹಬೆಯಾಡುತ್ತಿತ್ತು.

ಸೆಪ್ಟೆಂಬರ್ 5, ಗುರುವಾರ

ಬದುಕಿದ್ದಾಳೆ. ಸೊಂಟ, ತೊಡೆ, ಭುಜ ಮುರಿದಿವೆ.

ಸೆಪ್ಟೆಂಬರ್ 13, ಶುಕ್ರವಾರ

ಪೊಲೀಸರು ಬರೆದುಕೊಂಡರು. ನಡೆದು ಹೋಗುವವಳು ಎಚ್ಚರವಿಲ್ಲದೆ ರಸ್ತೆಗೆ ಇಳಿದಳು. ಮಂಜು. ಎರಡನೆಯ ಕಾರಿನವನ ತಪ್ಪು ಸ್ವಲ್ಪ. ಹಕ್ಕಿಲ್ಲದೆ ಬಸ್ಸಿನ ಹಾರನ್ ಊದಿದ ತಪ್ಪು ಮೊದಲ ಕಾರಿನವಳದು. ಎಗ್ಲೋಫ್‌ನ ವಕೀಲ ಹೇಳಿಕೆ ಕೊಟ್ಟ: ಹಾರನ್ ಅಲಂಕಾರಕ್ಕೆ ಮಾತ್ರ ಇತ್ತು, ಊದಿದ್ದು ಚಾಲಕಿಯ ಸ್ವಂತ ತೀರ್ಮಾನ.

ಲೈಸೆನ್ಸು ಆರು ತಿಂಗಳು ಇಲ್ಲ. ಕೆಲಸವೂ ಇಲ್ಲ.

"ಇನ್ನೊಮ್ಮೆ, ಇನ್ನೊಮ್ಮೆ ಅಂದೋರು ಯಾರು?" ಎಂದು ಕೂಗಿದೆ.

ಎಗ್ಲೋಫ್ ಮೆತ್ತಗೆ ಕೇಳಿದ, "ನಿಮ್ಮ ಕೈ ಯಾರಾದ್ರೂ ಹಿಡಿದು ಒತ್ತಿದ್ರಾ ಸೆಫಿ ಅವ್ರೇ?"

ನಾಳಿದ್ದಿನಿಂದ ಮೊದಲ ಕಾರಿಗೆ ಪಕ್ಕದ ಕಣಿವೆಯವನೊಬ್ಬ ಬರುತ್ತಾನೆ. ಸಾಲು ಎರಡು ವಾರವೂ ನಿಂತಿಲ್ಲ.

ಸೆಪ್ಟೆಂಬರ್ 29, ಭಾನುವಾರ

ಲಾವಿಗೆ ಬಂದಿದ್ದೇನೆ, ನಡೆದು. ಮನೆಯಲ್ಲಿ ಬೂಷ್ಟು ವಾಸನೆ. ಅತ್ತೆಯ ಮೇಕೆಗಳನ್ನು ಪಕ್ಕದ ಮನೆಯ ಜೆನೊವೆವ ನೋಡಿಕೊಳ್ಳುತ್ತಿದ್ದಾಳೆ. ಈ ಬೇಸಿಗೆಯಲ್ಲಿ ಒಂದು ದಿನವೂ ಇವಳ ಮುಖ ನೋಡಿರಲಿಲ್ಲ.

ಅರ್ಜಿಯ ಹಾಳೆ ಹಿಡಿದು ಮನೆಮನೆಗೆ ಹೋದೆ. ಒಂದು ಮನೆಯಲ್ಲಿ ನಾಯಿ ಬಿಟ್ಟರು. ಇನ್ನೊಂದರಲ್ಲಿ ಪರದೆ ಅಲುಗಾಡಿತು, ಬಾಗಿಲು ಅಲುಗಾಡಲಿಲ್ಲ. ಜೆನೊವೆವ ಹಾಲಿನ ಕೈ ಒರೆಸಿಕೊಳ್ಳುತ್ತ ಹೊಸ್ತಿಲಲ್ಲೇ ನಿಂತಳು.

"ಏನೇ, ಕಾರು ಕೆಟ್ಟೋಯ್ತಾ? ಇಳಿದು ಬಂದ್ಬಿಟ್ಟಿದ್ದೀಯಾ?"

"ಸಹಿ ಹಾಕು ಜೆನೊವೆವ. ಬಸ್ಸು ನನಗಲ್ಲ, ನಮಗೆಲ್ಲ."

"ನಮಗೆ ಅಂದ್ರೆ ಯಾರಿಗೆ? ಜುಲೈ ಇಡೀ ಆ ಮುದುಕಿ ಬಿಸಿಲಲ್ಲಿ ನಿಂತಾಗ ನೀನು ಕನ್ನಡಕ ಹಾಕ್ಕೊಂಡು ರಾಣಿ ಥರ ಹೋಗ್ತಿದ್ದೆ. ಕೈ ಬೇರೆ ಬೀಸ್ತಿದ್ದೆ."

"ಮುಂದಿನ ಸಲ ಅಂತ ಸನ್ನೆ ಮಾಡ್ತಿದ್ದೆ."

"ಬಾಲ್ಟ್ಸ್ ಕೂಡ ಅದೇ ಸನ್ನೆ ಮಾಡ್ತಾನೆ."

ಕೋಪ ನೆತ್ತಿಗೇರಿತು. ಇಡೀ ಊರಿನ ಪರವಾಗಿ ಒಳಗಿದ್ದು ಜಗ್ಗಿದವಳು ನಾನೊಬ್ಬಳೇ ಎಂದೆ. ಎಷ್ಟು ಜಗ್ಗಿದೆ, ಎಷ್ಟು ಸಡಿಲವಾಯಿತು, ತೋರಿಸು ಎಂದಳು.

ಆದರೂ ಸಹಿ ಹಾಕಿದಳು. ಪೆನ್ನು ನನ್ನ ಕೈಗೆ ಕೊಡದೆ ಕಿಟಕಿಯ ದಂಡೆಯ ಮೇಲೆ ಇಟ್ಟಳು.

ಅಕ್ಟೋಬರ್ 9, ಬುಧವಾರ

ನಸುಕಿಗೆ ಕೆಲಸಕ್ಕೆ ಹೋಗುವವರ ಕಾರಿನಲ್ಲಿ ಇಳಿದು ಅತ್ತೆಯನ್ನು ನೋಡಿ ಬಂದೆ. ಆಸ್ಪತ್ರೆಯಿಂದ ನೇರ ವೃದ್ಧರ ಮನೆಗೆ ತಂದಿದ್ದಾರೆ. ಇನ್ನು ಮೆಟ್ಟಿಲು ಹತ್ತುವ ಹಾಗಿಲ್ಲ, ಮನೆಗೆ ಹೋಗುವ ಹಾಗಿಲ್ಲ. ಕಾರಿಯ ಕೋಣೆಯಲ್ಲೇ ಹಾಸಿಗೆ.

"ಸೆಫೀ, ಬುಧವಾರದ ತನಕ ಕಾಯೋ ಹಾಗೇ ಇಲ್ಲ ಈಗ," ಎಂದಳು. ಅವಳಿಗೆ ಕೈ ಮೇಲೆತ್ತಲು ಬರುವುದಿಲ್ಲ, ಚಮಚ ಹಿಡಿಯುವಂತಿಲ್ಲ. ಕಾರಿ ನರ್ಸಿನ ಕೈಯಿಂದ ಬಾಯಿ ತಿರುಗಿಸಿ ಇವಳ ಕಡೆ ನೋಡುತ್ತಾನೆ. ಇವಳು ಅವನ ಕಡೆ ನೋಡುತ್ತಾಳೆ. ನಡುವೆ ನಾಲ್ಕು ಹೆಜ್ಜೆ.

ನಾನು ಚಮಚ ಹಿಡಿದೆ. ಅವನು ಬಾಯಿ ತೆರೆಯಲಿಲ್ಲ.

"ಅತ್ತೆ, ಬೈಯ್ಯಿ ನನ್ನ. ಒಂದು ಸಲ ಬೈದುಬಿಡು."

"ಯಾಕೆ ಬೈಲಿ? ಮೇಕೆಗಳಿಗೆ ಉಪ್ಪು ಹಾಕಿದ್ರಾ, ಕೇಳ್ಕೊಂಡು ಬಾ."

ಅಕ್ಟೋಬರ್ 25, ಶುಕ್ರವಾರ

ಗ್ರಾಮಸಭೆ ಎಂಟಕ್ಕೆ, ಸ್ಟೆಗ್ಮಾಟ್ ಸಭಾಂಗಣದಲ್ಲಿ. ಕೈ ಎತ್ತಿಯೇ ತೀರ್ಮಾನ, ಅಜ್ಜಂದಿರ ಕಾಲದಿಂದ. ಕೈ ಎತ್ತಬೇಕಾದರೆ ಮೈ ಅಲ್ಲಿರಬೇಕು. ಲಾವಿಯಿಂದ ಬರಲು ಬಸ್ಸಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದ ಹುಡುಗರು ಆ ಹೊತ್ತಿಗೆ ಮತ್ತೆ ಇಳಿಯುವುದಿಲ್ಲ. ಒರ್ಲಾಂಡೊ ತನ್ನ ಕಾರಿನಲ್ಲಿ ಒಂದು ಸುತ್ತು ಹೋಗಿ ನನ್ನನ್ನೂ ಜೆನೊವೆವಳನ್ನೂ ಇನ್ನಿಬ್ಬರನ್ನೂ ತಂದ. ಎರಡನೆಯ ಸುತ್ತಿಗೆ ಹೊತ್ತಿರಲಿಲ್ಲ.

ನಾನು ಮಾತಾಡಿದೆ. ಶಾಲೆ, ಅಂಗಡಿ, ಬಸ್ಸು, ವ್ಯಾನು, ನಡಿಗೆಯ ವೇಗ, ಭಾನುವಾರ. ಒಂದೊಂದನ್ನೂ ಬಾಲ್ಟ್ಸ್‌ನ ಮುಖಕ್ಕೆ ಹೊಡೆದೆ. ಗಂಟಲು ಹರಿಯುವ ಹಾಗೆ. ಹಿಂದಿನ ಸಾಲಿನಲ್ಲಿ ಯಾರೋ ಬಾಯಲ್ಲೇ ಮೂರು ಸ್ವರದ ಹಾರನ್ ಊದಿದ. ಸಭೆ ನಕ್ಕಿತು.

ಬಾಲ್ಟ್ಸ್ ನಗಲಿಲ್ಲ. ಕೆಟ್ಟ ಮನುಷ್ಯನಾಗಿದ್ದರೆ ಸುಲಭವಿತ್ತು.

"ಸೆಫಿ ಹೇಳಿದ್ದು ನಂಗೂ ನೋವಾಗುತ್ತೆ," ಎಂದ. "ಆದ್ರೆ ಲೆಕ್ಕ ನೋಡಿ. ಕೊನೇ ವರ್ಷ ಆ ಬಸ್ಸಿಗೆ ತಪ್ಪದೆ ಹತ್ತುತ್ತಾ ಇದ್ದೋರು ಒಬ್ರೇ, ಫಿಲೊಮೆನ ಅತ್ತೆ. ದೇವರ ದಯೆ, ಅವ್ರು ಈಗ ಇಲ್ಲೇ ಕೆಳಗಿದಾರೆ, ಗಂಡನ ಜೊತೇಲಿ. ಹಾಗಿದ್ಮೇಲೆ ಬಸ್ಸು ಯಾರಿಗೆ?"

ಅವಳ ಕಾಲು ಮುರಿದು ಕೆಳಗೆ ತಂದು ಮಲಗಿಸಿದ್ದಾರೆ. ಈಗ ಪ್ರಯಾಣಿಕರಿಲ್ಲ ಎನ್ನುತ್ತಾರೆ. ಇದಕ್ಕೆ ಉತ್ತರ ನನ್ನ ಬಳಿ ಇತ್ತು. ಎದ್ದು ನಿಂತೆ. ಅವಳನ್ನು ಕೆಳಗೆ ತಂದವರು ಯಾರು ಎಂದು ಕೇಳಬೇಕಿತ್ತು. ಬಾಯಿ ತೆರೆದೆ. ಇಡೀ ಸಭಾಂಗಣ ನನ್ನನ್ನೇ ನೋಡುತ್ತಿತ್ತು. ಕೂತೆ.

ಅರ್ಜಿಗೆ ಎದ್ದ ಕೈ: ನಮ್ಮ ನಾಲ್ಕು, ಒರ್ಲಾಂಡೊನದು ಲೆಕ್ಕಕ್ಕಿಲ್ಲ, ಅವನಿಗೆ ಇಂದಿಗೂ ಈ ದೇಶದ ಮತವಿಲ್ಲ. ಕೆಳಗಿನವರಲ್ಲಿ ಮೂರೋ ನಾಲ್ಕೋ. ಕಾರುಗಳ ಪ್ರವಾಸಕ್ಕೆ ಇನ್ನು ಐದು ವರ್ಷ ಎಂಬುದಕ್ಕೆ ಎದ್ದ ಕೈ ಎಣಿಸುವ ಗೋಜಿಗೇ ಹೋಗಲಿಲ್ಲ.

ನವೆಂಬರ್ 10, ಭಾನುವಾರ

ಚಳಿಗಾಲಕ್ಕೆ ಘಾಟಿ ಮುಚ್ಚಿ ಗೇಟು ಹಾಕಿದರು. ನಿನ್ನೆ ಮೊದಲ ಹಿಮ. ಹಿಮ ತೆಗೆಯುವ ಯಂತ್ರ ಲಾವಿಯ ಕೆಳಗಿನ ಸೇತುವೆಯವರೆಗೆ ಬಂದು ತಿರುಗಿಹೋಯಿತು. ಓಡಿಹೋಗಿ ಕೇಳಿದೆ. ಚಾಲಕ ನನಗೆ ಗೊತ್ತಿದ್ದವನೇ, ನೋಡಲಾರದೆ ಮುಖ ತಿರುಗಿಸಿದ. "ಬಸ್ಸು ಓಡೋ ರಸ್ತೆಗೆ ಮಾತ್ರ ದಿನಾ ತೆಗೀಬೇಕು ಅಂತ ನಿಯಮ ಕಣೇ ಸೆಫಿ. ಇದು ಈಗ ವಾರಕ್ಕೊಂದ್ಸಲ."

ಇದನ್ನು ಯಾರೂ ಹೇಳಿರಲಿಲ್ಲ. ನಾವೂ ಯೋಚಿಸಿರಲಿಲ್ಲ.

ನವೆಂಬರ್ 17, ಭಾನುವಾರ

ಐದಕ್ಕೆ ಹೊರಡುವ ಎರಡು ಕುಟುಂಬ ಕೆಳಗೆ ಮನೆ ನೋಡುತ್ತಿವೆ. ಜೆನೊವೆವ ಅತ್ತೆಯ ಮೇಕೆಗಳನ್ನು ಮಾರಿದಳು. ಅತ್ತೆಗೆ ಹೇಳಿಲ್ಲ.

ನಮ್ಮ ಮನೆಯಲ್ಲಿ ಸಭೆ ಕರೆದೆ. ಜೆನೊವೆವ ಬಂದಳು. ನಾನಿದ್ದೆ. ಒರ್ಲಾಂಡೊ ಸೇತುವೆಯ ಬಳಿ ಕಾರು ಬಿಟ್ಟು ಮೊಣಕಾಲುದ್ದ ಹಿಮ ತುಳಿದು ಬಂದು, "ಕೋರಂ ಇದೆಯಾ ಅಧ್ಯಕ್ಷರೇ?" ಎಂದ. ಕಾಫಿಗೆ ಪಿಯರ್ ಹಣ್ಣಿನ ಸಾರಾಯಿ ಬೆರೆಸಿ ಕುಡಿದೆವು.

ಮುಂದಿನ ವರ್ಷದ ಖರ್ಚಿನ ಪಟ್ಟಿಗೆ ಇನ್ನೊಂದು ಗ್ರಾಮಸಭೆ ಇದೆ. ಅದರಲ್ಲಿ ಹಿಮ ತೆಗೆಯುವ ವಿಷಯ ಎತ್ತಬೇಕು, ಬಸ್ಸನ್ನು ಮತ್ತೆ ಎತ್ತಬೇಕು. ಸೋಲುತ್ತೇವೆ. ಅದು ಮೂವರಿಗೂ ಗೊತ್ತು.

"ಆ ಪ್ರಶ್ನೆ ಈ ಸಲನಾದ್ರೂ ಕೇಳ್ತೀಯಾ?" ಎಂದಳು ಜೆನೊವೆವ. "ಅವಳನ್ನ ಕೆಳಗೆ ತಂದೋರು ಯಾರು ಅನ್ನೋದು."

"ಕೇಳಿದ್ರೆ ಮೊದಲು ನನ್ನ ಹೆಸರು ಬರುತ್ತೆ."

"ಬರಲಿ. ಆಮೇಲೆ ಉಳಿದವರದ್ದು ಬರುತ್ತಲ್ಲ."

ಕೇಳುತ್ತೇನೆ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ಡಿಸೆಂಬರ್ 6, ಶುಕ್ರವಾರ, ಸಂಜೆ ಎಂಟು ಗಂಟೆ, ಸ್ಟೆಗ್ಮಾಟ್ ಸಭಾಂಗಣ. ಲಾವಿಯಿಂದ ಹೊರಡುವುದು ಮಧ್ಯಾಹ್ನ ಎರಡಕ್ಕೆ, ಕಾಲ್ನಡಿಗೆ.